ಬ್ಲೌಸುಗಳ ನಡುವೆ ಒಂದು ಲೈಫ್ ಜಾಕೆಟ್ಟು

ನನ್ನ ಅಂಗಡಿಗೆ ಮೊದಲ ಸಲ ಬರುವ ಹೆಂಗಸರು ಎರಡು ಪ್ರಶ್ನೆ ಕೇಳುತ್ತಾರೆ. ಒಂದು, "ಯಾವತ್ತು ಕೊಡ್ತೀರ?" ಇನ್ನೊಂದು, "ಅದೇನದು, ಅಲ್ಲಿ ನೇತುಹಾಕಿರೋದು?"

ಮೊದಲನೆಯದಕ್ಕೆ ಊರಿನ ಎಲ್ಲ ಟೈಲರುಗಳ ಹಾಗೆ ನಾನೂ ಸುಳ್ಳು ಹೇಳುತ್ತೇನೆ. ಶುಕ್ರವಾರ ಅನ್ನುತ್ತೇನೆ. ಶುಕ್ರವಾರ ಬಂದರೆ, "ಅಯ್ಯೋ, ಹುಕ್ಸ್ ಒಂದು ಬಾಕಿ ಇತ್ತು, ನಾಳೆ ಬನ್ನಿ" ಅನ್ನುತ್ತೇನೆ. ಬಟ್ಟೆಗೆ ಕತ್ತರಿಯೇ ಹಾಕಿರುವುದಿಲ್ಲ. ಇದು ಅವರಿಗೂ ಗೊತ್ತು, ನನಗೂ ಗೊತ್ತು. ಹಾಗೇ ಮೂವತ್ತು ವರ್ಷದಿಂದ ನಡೆದುಕೊಂಡು ಬಂದಿದೆ.

ಎರಡನೆಯದಕ್ಕೆ ಉತ್ತರ ಕೊಡುವುದು ಕಷ್ಟ. ಗೋಡೆಯ ಮೊಳೆಗಳಲ್ಲಿ ಹೊಲಿದು ಮುಗಿದ ಬ್ಲೌಸುಗಳು ಸಾಲಾಗಿ ಇರುತ್ತವೆ. ಈ ಕಡೆ ರೇಷ್ಮೆ ಸೀರೆಯ ಮೆರೂನು, ಆ ಕಡೆ ಬೋಟ್ ನೆಕ್ಕಿನ ಹಸಿರು. ಮಧ್ಯದಲ್ಲಿ ಕಿತ್ತಳೆ ಬಣ್ಣದ ಒಂದು ಲೈಫ್ ಜಾಕೆಟ್ಟು, ಮದುವೆಮನೆಗೆ ಹೆಲ್ಮೆಟ್ ತೆಗೆಯದೆ ಬಂದವರ ಹಾಗೆ ನಿಂತಿರುತ್ತದೆ. ಮೊನ್ನೆ ಜೆ.ಪಿ. ನಗರದ ಕಡೆಯ ಒಬ್ಬ ಹುಡುಗಿ ಅದನ್ನು ನೋಡಿ, "ಸುಮಿತ್ರಾ ಆಂಟಿ, ಇದು ಹೊಸ ಪ್ಯಾಟರ್ನಾ? ಪ್ಯಾಡ್ ಸ್ವಲ್ಪ ಜಾಸ್ತಿ ಆಯ್ತಲ್ವಾ?" ಅಂದಳು. ಇಬ್ಬರೂ ನಕ್ಕೆವು. ಒಳಕೋಣೆಯಲ್ಲಿ ಗಾಲಿಕುರ್ಚಿಯ ಮೇಲಿದ್ದ ನನ್ನ ಅಕ್ಕನಿಗೂ ಅದು ಕೇಳಿಸಿತು. ಅವಳ ನಗು ಈಗ ಹೊರಗೆ ಬರುವುದಿಲ್ಲ, ಉಸಿರು ಮಾತ್ರ ಒಂದಿಷ್ಟು ಜೋರಾಗುತ್ತದೆ. ಮಿಷನ್ ನಿಲ್ಲಿಸಿದ್ದರೆ ನನಗೆ ಕೇಳುತ್ತದೆ.

ಆ ಜಾಕೆಟ್ಟು ಅಕ್ಕನದು. ಅವಳ ಕೈಗೆ ಬಂದ ಮೇಲೆ ಅದು ನೀರು ನೋಡಲೇ ಇಲ್ಲ. ಯಾಕೆ ನೋಡಲಿಲ್ಲ ಅನ್ನುವುದನ್ನು ಹೇಳಬೇಕು ಅಂತಲೇ ಇದನ್ನು ಬರೆಯಲು ಕೂತಿದ್ದೇನೆ. ಆದರೆ ಹೊಲಿಗೆಯವಳಿಗೆ ನೇರವಾಗಿ ಹೋಗುವುದು ಬಟ್ಟೆಯ ಮೇಲೆ ಮಾತ್ರ ಗೊತ್ತು. ಮಾತು ಅಲ್ಲಿ ಇಲ್ಲಿ ಹೋದರೆ ಸ್ವಲ್ಪ ತಡೆದುಕೊಳ್ಳಿ.

ನಾನು ಓದಿದ್ದು ಆರನೇ ಕ್ಲಾಸು. ಬಡತನದಿಂದ ಬಿಡಿಸಿದರು ಅಂದರೆ ನೀವು ನಂಬುತ್ತೀರಿ. ಆದರೆ ಆಗ ಅರೆಕೆರೆಯಲ್ಲಿ, ಕೆರೆಯ ಕೆಳಗೆ ಅಪ್ಪನಿಗೆ ಎರಡೆಕರೆ ಗದ್ದೆ ಇತ್ತು. ಊಟಕ್ಕೆ ತೊಂದರೆ ಇರಲಿಲ್ಲ. ನನಗೆ ಹದಿಮೂರರ ಮಗ್ಗಿ ಬರುತ್ತಿರಲಿಲ್ಲ, ಅಷ್ಟೇ. ಬರುವುದಿಲ್ಲ ಅಂತ ಮೇಷ್ಟರ ಹತ್ತಿರ ಹೇಳಲು ಹೆದರಿಕೆಯಾಗಿ ಹೊಟ್ಟೆನೋವು ಅಂದೆ. ಅವ್ವ ಓಂಕಾಳು ಕಷಾಯ ಮಾಡಿ ಕೊಟ್ಟಳು. ಹೊಟ್ಟೆನೋವು ವಾರವಾಯಿತು, ತಿಂಗಳಾಯಿತು, ಕೊನೆಗೆ ಶಾಲೆಯವರೇ ಹೆಸರು ಹೊಡೆದುಹಾಕಿದರು. ಒಂದು ಮಗ್ಗಿ ಬರಲ್ಲ ಅನ್ನುವ ಸತ್ಯಕ್ಕಿಂತ ಒಂದು ವರ್ಷದ ಕಷಾಯ ನನಗೆ ಸುಲಭವಾಗಿತ್ತು. ನನ್ನ ಸ್ವಭಾವ ಆಗಲೇ ಹೀಗಿತ್ತು.

ಅಕ್ಕ ರತ್ನ ನನಗಿಂತ ನಾಲ್ಕು ವರ್ಷ ದೊಡ್ಡವಳು. ಅವಳು ಓದಿದಳು, ಓಡಿದಳು, ಖೋಖೋ ಆಡಿದಳು. ಜಯನಗರದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಪೀಟಿ ಮೇಡಂ ಆದಳು. ಕೊರಳಲ್ಲಿ ಸೀಟಿ. ನಾನು ಅಷ್ಟೋ ಇಷ್ಟೋ ಓದು ಬರಹ ಉಳಿಸಿಕೊಂಡದ್ದೂ ಆ ಸೀಟಿಯಿಂದಲೇ. ಸಂಜೆ ಪೇಪರು ಕೈಗೆ ಕೊಟ್ಟು ಜೋರಾಗಿ ಓದು ಅನ್ನುತ್ತಿದ್ದಳು, ತಪ್ಪಿದರೆ ಸೀಟಿ ಊದುತ್ತಿದ್ದಳು. ಪಕ್ಕದ ಮನೆಯವರು ಮನೆಯೊಳಗೇ ಮ್ಯಾಚು ಆಡುತ್ತೇವೆ ಅಂದುಕೊಂಡಿದ್ದರು. ಅವಳು ಮದುವೆಯಾಗಲಿಲ್ಲ. ನಮ್ಮ ಯಜಮಾನರು ತೀರಿಕೊಂಡ ಮೇಲೆ ನಾವಿಬ್ಬರೂ ಒಂದೇ ಮನೆಯಲ್ಲಿ ಸೇರಿಕೊಂಡೆವು. ಮುಂದಿನ ಕೋಣೆ ನನ್ನ ಅಂಗಡಿ, ಹಿಂದಿನದು ಅವಳದು.

ಇನ್ನು ನೀರಿನ ವಿಷಯ.

ಆ ಕೆರೆಗೆ ಈಗ ಸುತ್ತ ಬೇಲಿ, ವಾಕಿಂಗ್ ಮಾಡುವವರಿಗೆ ಕಲ್ಲಿನ ದಾರಿ ಎಲ್ಲ ಆಗಿದೆ. ನಮ್ಮ ಕಾಲದಲ್ಲಿ ಎಮ್ಮೆಗಳಿಗೂ ನಮಗೂ ಅಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ. ಅಕ್ಕ ಹನ್ನೆರಡು ವರ್ಷದವಳಿದ್ದಾಗ ಗೊನೆ ಕಡಿದು ಬಿಟ್ಟಿದ್ದ ಬಾಳೆದಿಂಡುಗಳನ್ನು ಎಳೆದು ತಂದು, ಬಿದಿರುಕಡ್ಡಿ ಚುಚ್ಚಿ, ಹಗ್ಗ ಸುತ್ತಿ ತೆಪ್ಪ ಮಾಡಿದಳು. ನನ್ನನ್ನೂ ಕೂರಿಸಿಕೋ ಅಂತ ಅತ್ತು ಕರೆದು ಹತ್ತಿದವಳು ನಾನೇ. ನಡುನೀರಿನಲ್ಲಿ ಹಗ್ಗ ಸಡಿಲವಾಯಿತು. ದಿಂಡುಗಳು ಮೆಲ್ಲಗೆ, ಜಗಳವಾಡಿದವರ ಹಾಗೆ, ಒಂದೊಂದೇ ದೂರ ಸರಿದವು. ಆಮೇಲೆ ನೆನಪಿರುವುದು ಹಸಿರು. ಕಣ್ಣೊಳಗೆ, ಮೂಗೊಳಗೆ ಹಸಿರು. ಅಕ್ಕ ನನ್ನ ಜಡೆ ಹಿಡಿದು ಎಳೆದಳಂತೆ. ದಡಕ್ಕೆ ಬಂದ ಮೇಲೆ ಅವ್ವ ಪೊರಕೆಯಲ್ಲಿ ಹೊಡೆದದ್ದು ಅವಳಿಗೆ. ನಾನೇ ಹಟ ಮಾಡಿದೆ ಅಂತ ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅವಳು ಯಾಕೆ ಹೇಳಲಿಲ್ಲವೋ. ನಾನು ಹೇಳದೇ ಇದ್ದದ್ದು ಪೊರಕೆ ನೋಡಿ.

ಅವತ್ತಿನಿಂದ ನನಗೆ ನೀರು ಅಂದರೆ ಬಕೆಟ್ಟು, ಮಗ್ಗು. ತಲೆಗೆ ನೀರು ಹಾಕಿಕೊಳ್ಳುವಾಗ ಒಂದು ಕೈಯಲ್ಲಿ ನಲ್ಲಿ ಹಿಡಿದುಕೊಂಡಿರುತ್ತೇನೆ. ಗೋಕರ್ಣಕ್ಕೆ ಹೋದಾಗ ಪಾದ ಒದ್ದೆಯಾಗುವಷ್ಟು ಸಮುದ್ರ ಸ್ನಾನ ಮಾಡಿ, ಮಿಕ್ಕಿದ್ದನ್ನು ಚೊಂಬಿನಲ್ಲಿ ತರಿಸಿಕೊಂಡಿದ್ದೆ. ಅಕ್ಕನಿಗೆ ಮಾತ್ರ, ಅದೆಲ್ಲ ಚಿಕ್ಕವಳಿದ್ದಾಗ, ಈಗ ಸರಿಹೋಗಿದೆ ಅಂತ ಹೇಳಿಬಿಟ್ಟಿದ್ದೆ. ನನ್ನನ್ನು ಎಳೆದು ಉಳಿಸಿದವಳ ಎದುರು, ನಾನು ಇನ್ನೂ ಅಲ್ಲೇ ಮುಳುಗಿದ್ದೇನೆ ಅಂತ ಹೇಗೆ ಹೇಳುವುದು?

ಅಕ್ಕನಿಗೆ ಐವತ್ತು ತುಂಬಿದ ವರ್ಷ ಶಾಲೆಯ ಟೀಚರುಗಳೆಲ್ಲ ದಾಂಡೇಲಿಗೆ ಪ್ರವಾಸ ಹೋದರು. ಮಿಕ್ಕವರು ದಡದಲ್ಲಿ ಕೂತು ಪುಳಿಯೋಗರೆ ತಿಂದರಂತೆ, ಇವಳು ಕಾಳಿ ನದಿಯಲ್ಲಿ ರ‍್ಯಾಫ್ಟಿಂಗ್ ಹೋದಳು. ಗಾಳಿ ತುಂಬಿದ ರಬ್ಬರಿನ ತೆಪ್ಪ, ಕೈಗೊಂದು ಹುಟ್ಟು, ಕಲ್ಲುಗಳ ನಡುವೆ ಇಳಿಯುವ ನೀರು. ಮೊಣಕೈ ಕಪ್ಪಾಗಿ ಬಾತಿತ್ತು, ಮೂಗಿನ ಚರ್ಮ ಸುಲಿದಿತ್ತು. ಮನೆಗೆ ಬಂದವಳು ಬ್ಯಾಗು ಕೆಳಗಿಡದೆ ಬಾಗಿಲಲ್ಲೇ ನಿಂತು ಮಾತಾಡಿದಳು.

"ಸುಮೀ, ಬಾಳೆದಿಂಡು ಬಿಚ್ಚಿಹೋಯ್ತಲ್ಲ, ನೆನಪಿದ್ಯಾ? ಅದು ಬಿಚ್ಚದೇ ಇದ್ದಿದ್ರೆ ಹೇಗಿರ್ತಿತ್ತು ಅಂತ ಇವತ್ತು ಗೊತ್ತಾಯ್ತು ಕಣೇ."

ಅಲ್ಲಿ ಹುಟ್ಟು ಹಾಕಿಸಿದವಳು ನಂದಿನಿ. ಅಕ್ಕನ ಹಳೆಯ ಶಿಷ್ಯೆ, ಖೋಖೋ ಟೀಮಿನವಳು, ಈಗ ಜನರನ್ನು ನದಿಗಳಿಗೆ ಕರೆದುಕೊಂಡು ಹೋಗುವುದೇ ಅವಳ ಕೆಲಸ. ಅವಳು ಅಕ್ಕನ ತಲೆಯಲ್ಲಿ ಇನ್ನೊಂದು ನದಿ ತುಂಬಿಸಿದಳು. "ಮೇಡಂ, ಇದು ಬರೀ ಎರಡು ಗಂಟೆ ಆಟ. ನಿಜವಾದ್ದು ಬೇಕಂದ್ರೆ ಮೇಲೆ ಹೋಗ್ಬೇಕು." ಮೇಲೆ ಅಂದರೆ ಹಿಮಾಲಯದ ಬುಡ. ಅದಕ್ಕೂ ಕಾಳಿ ಅಂತಲೇ ಹೆಸರು. ಒಂದು ದಡ ನಮ್ಮದು, ಇನ್ನೊಂದು ನೇಪಾಳದ್ದು. ಮೂರು ದಿನ ರಸ್ತೆ ಇಲ್ಲ, ಊರಿಲ್ಲ, ಫೋನಿಲ್ಲ. ಹಗಲು ನೀರಿನ ಮೇಲೆ, ರಾತ್ರಿ ಮರಳಿನ ಮೇಲೆ. ಅಲ್ಲೂ ಅಣೆಕಟ್ಟು ಕಟ್ಟುತ್ತಾರೆ ಅನ್ನುವ ಮಾತಿದೆ, ಕಟ್ಟಿದರೆ ಆ ಮರಳು ದಂಡೆಗಳೆಲ್ಲ ಮುಳುಗುತ್ತವೆ ಅಂತ ನಂದಿನಿ ಹೇಳಿದ್ದೇ ತಡ, ಅಕ್ಕನಿಗೆ ಆತುರ ಹತ್ತಿತು. "ನದಿ ಇರುವಾಗ್ಲೇ ಹೋಗಿಬಿಡ್ಬೇಕು ಕಣೇ. ನನ್ನ ಕೈಕಾಲೂ ಇರುವಾಗ್ಲೇ." ಕೈಕಾಲಿನ ಮಾತನ್ನು ಅವಳು ಸುಮ್ಮನೆ ಸೇರಿಸಿದ್ದು. ಆಗ ಅವಳ ಕೈಕಾಲಿಗೆ ಏನೂ ಆಗಿರಲಿಲ್ಲ.

ನನ್ನ ಹೊಲಿಗೆ ಮಿಷನ್ನಿನ ಮೇಲಿನ ಗೋಡೆಗೆ ಆ ನದಿಯ ನಕ್ಷೆ ಬಂತು. ಕಾಜಾ ಹಾಕುವಾಗ ತಲೆ ಎತ್ತಿದರೆ ಹಿಮಾಲಯ. ಪೀಟಿ ಮೇಡಂ ಅಲ್ಲವೇ, ತಾಲೀಮೂ ಶುರುವಾಯಿತು. ಭಾನುವಾರ ಬೆಳಿಗ್ಗೆ ದಿವಾನದ ಅಂಚಿನಲ್ಲಿ ಇಬ್ಬರೂ ಕೂರಬೇಕು. ಕಾಲು ದಿಂಬಿನ ಕೆಳಗೆ ಸಿಕ್ಕಿಸಬೇಕು. ಕೈಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ನೆಲ ಒರೆಸುವ ಮಾಪು. "ಫಾರ್ವರ್ಡ್! ಬ್ಯಾಕ್! ಲೇ, ಎಡಗಡೆ ಕಣೇ, ನೇಪಾಳಕ್ಕೆ ಹೋಗ್ತಿದ್ದೀಯ ನೀನು!" ಆ ದಿವಾನದ ಮೇಲೆ ನಾನು ಎಷ್ಟೋ ಸಲ ಹಿಮಾಲಯ ಇಳಿದಿದ್ದೇನೆ. ಒಂದು ಸಲವೂ ಹೆದರಲಿಲ್ಲ.

ನಂದಿನಿ ತನ್ನ ಹಳೆಯ ಲೈಫ್ ಜಾಕೆಟ್ಟು ಕೊಟ್ಟಿದ್ದೂ ಆಗಲೇ. "ನದಿಗೆ ನಾವು ಬೇರೆ ಕೊಡ್ತೀವಿ ಮೇಡಂ, ಇದು ಮನೇಲಿ ಅಭ್ಯಾಸಕ್ಕೆ ಇರಲಿ" ಅಂದಳು. ಅಕ್ಕನಿಗೆ ಅದು ದೊಗಳೆ. ನಾನು ಅಳತೆ ತೆಗೆದು ಪಕ್ಕದ ಪಟ್ಟಿ ಹಿಡಿದು ಬಿಗಿ ಮಾಡಿದೆ. ಹದಿನೆಂಟನೇ ನಂಬರಿನ ಸೂಜಿ ಎರಡು ಮುರಿದವು. ನಮ್ಮ ಕಸುಬಿನಲ್ಲಿ ಮಿಕ್ಕ ಬಟ್ಟೆ ಕತ್ತರಿಸುವುದಿಲ್ಲ, ಒಳಗೆ ಮಡಚಿ ಬಿಡುತ್ತೇವೆ. ಮುಂದೆ ಮೈ ಬಂದರೆ ಬಿಚ್ಚಿಕೊಳ್ಳಲಿ ಅಂತ. ಜಾಕೆಟ್ಟಿನ ಪಟ್ಟಿಯನ್ನೂ ಹಾಗೇ ಮಡಚಿಟ್ಟೆ. ಅಕ್ಕ ಹಾಕಿಕೊಂಡು ಕನ್ನಡಿ ಮುಂದೆ ನಿಂತಳು. ಕೈ ಎತ್ತಿದಳು, ಬಾಗಿದಳು.

"ಬ್ಲೌಸಿಗಿಂತ ಚೆನ್ನಾಗಿ ಕೂತಿದೆಯಲ್ಲೇ. ಇಷ್ಟು ವರ್ಷ ನನ್ನ ಬ್ಲೌಸ್ ಯಾಕೆ ಹಾಳು ಮಾಡ್ದೆ?"

ಹೊರಡುವ ಮಾತು ಬಂದಾಗಲೆಲ್ಲ ನಾನು ಟೈಲರಾಗಿಬಿಡುತ್ತಿದ್ದೆ. ನವೆಂಬರಿನಲ್ಲಿ ನದಿ ತಿಳಿಯಾಗಿರುತ್ತದೆ, ಹೋಗುವುದಾದರೆ ಆಗಲೇ ಹೋಗಬೇಕು. ಒಂದು ನವೆಂಬರಿಗೆ ಮದುವೆ ಸೀಸನ್ನು, ಆರ್ಡರು ಬಿಟ್ಟು ಬರಲಾಗದು ಅಂದೆ. ಮುಂದಿನ ನವೆಂಬರಿಗೆ ಮಂಡಿನೋವು ಅಂದೆ. ಆರನೇ ಕ್ಲಾಸಿನ ಹೊಟ್ಟೆನೋವು ಸ್ವಲ್ಪ ಕೆಳಗೆ ಇಳಿದಿತ್ತು, ಅಷ್ಟೇ. "ನೀನೊಬ್ಳೇ ಹೋಗ್ಬಾ ಅಕ್ಕ" ಅನ್ನಬಹುದಿತ್ತು. ಅದೂ ನನ್ನ ಬಾಯಲ್ಲಿ ಬರಲಿಲ್ಲ. ಅವಳು ನೀರಿನಲ್ಲಿ ಹೋಗಿಬಿಟ್ಟರೆ ನನ್ನ ಗತಿಯೇನು ಅನ್ನುವ ಹೆದರಿಕೆ. ಜಡೆ ಹಿಡಿದು ಎಳೆಯುವವರು ಆಮೇಲೆ ಯಾರಿರುತ್ತಾರೆ? ಅಕ್ಕ ಮಾತ್ರ ನಂಬುತ್ತಿದ್ದಳು. "ಆಯ್ತು ಬಿಡು, ನಿನ್ನ ಶುಕ್ರವಾರ ಬಂದಾಗ ಹೇಳು" ಅಂತ ಅಣಕಿಸಿ ಸುಮ್ಮನಾಗುತ್ತಿದ್ದಳು.

ಅವಳ ಕಾಯಿಲೆಯನ್ನು ಮೊದಲು ಕಂಡವಳು ನಾನು. ಕಂಡರೂ ಗೊತ್ತಾಗಲಿಲ್ಲ. ಒಂದು ದಿನ ಶಾಲೆಗೆ ಹೊರಟವಳು ಬ್ಲೌಸು ಹಿಡಿದುಕೊಂಡು ಬಂದು, "ಹುಕ್ಸು ಇಷ್ಟು ಬಿಗಿ ಹಾಕಿದ್ದೀಯ, ಹಾಕ್ಕೊಳ್ಳೋಕಾಗ್ತಿಲ್ಲ" ಎಂದು ಬೈದಳು. ನನಗೆ ರೋಷ ಬಂತು. ಮೂವತ್ತು ವರ್ಷ ಹುಕ್ಸು ಹಾಕಿದವಳಿಗೆ ಹೇಳುವ ಮಾತೇ ಇದು? ಎರಡು ಬೆರಳಲ್ಲಿ ಟಕ್ ಟಕ್ ಅಂತ ಹಾಕಿ ತೋರಿಸಿದೆ. ಅವಳು ತನ್ನ ಬೆರಳುಗಳನ್ನೇ ನೋಡಿಕೊಂಡಳು. ಆಮೇಲೆ ಸೀಟಿಯ ದಾರಕ್ಕೆ ಗಂಟು ಹಾಕಿಕೊಡು ಅಂದಳು. ಆಮೇಲೆ ಬೀಗ ತೆಗೆದುಕೊಡು ಅಂದಳು. ನನ್ನ ಅಳತೆ ಪುಸ್ತಕದಲ್ಲಿ ಅವಳ ತೋಳಿನ ಸುತ್ತಳತೆ ಎಷ್ಟೋ ವರ್ಷದಿಂದ ಹನ್ನೆರಡು ಇತ್ತು. ಅದು ಹನ್ನೊಂದಾಯಿತು, ಹತ್ತೂವರೆಯಾಯಿತು. "ಸಣ್ಣ ಆಗಿದ್ದೀಯಲ್ಲಕ್ಕ, ಚೆನ್ನಾಗಿ ಕಾಣ್ತೀಯ" ಅಂತ ಹೊಗಳಿದ್ದೆ ನಾನು.

ನರಗಳ ಕಾಯಿಲೆ. ಹೆಸರು ನನಗೆ ಈಗಲೂ ಪೂರ್ತಿ ಹೇಳಲು ಬರುವುದಿಲ್ಲ. ಕೈ ಹೋಗುತ್ತದೆ, ಕಾಲು ಹೋಗುತ್ತದೆ, ಆಮೇಲೆ ಮಾತು, ಆಮೇಲೆ ಉಸಿರು. ಬುದ್ಧಿ ಮಾತ್ರ ಹಾಗೇ ಇರುತ್ತದೆ, ಕಿವಿಯೂ ಇರುತ್ತದೆ. ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಮೇಜಿನ ಮೇಲಿನ ಪೆನ್ನು ನೋಡುತ್ತ, "ಮೇಡಂ, ಏನಾದ್ರೂ ಆಸೆ ಇದ್ರೆ ಮುಂದಿನ ವರ್ಷಕ್ಕೆ ಅಂತ ಇಡ್ಬೇಡಿ" ಅಂದರು.

ವಾಪಸು ಬರುವಾಗ ಬನಶಂಕರಿ ಬಸ್ ಸ್ಟ್ಯಾಂಡಿನ ಸಿಗ್ನಲ್ಲಿನಲ್ಲಿ ಆಟೋ ತುಂಬಾ ಹೊತ್ತು ನಿಂತಿತು. ಅಕ್ಕ ಹೂ ಮಾರುವವರನ್ನು ನೋಡುತ್ತಿದ್ದಳು.

"ಸುಮೀ, ಈ ನವೆಂಬರಿಗೆ ಹೋಗೋಣ."

"ಈ ಕೈಯಲ್ಲಾ ಅಕ್ಕ?"

"ಅದಕ್ಕೇ ಕಣೇ. ಇನ್ನೊಂದು ವರ್ಷ ಆದ್ರೆ ಈ ಕೈಯೂ ಇರಲ್ಲ."

ನಂದಿನಿ ಮನೆಗೆ ಬಂದು ಎಲ್ಲ ವಿವರಿಸಿದಳು. ಸಾಮಾನು ಹೊರುವ ದೊಡ್ಡ ರ‍್ಯಾಫ್ಟಿನಲ್ಲಿ ಹುಟ್ಟು ಹಾಕುವವನೊಬ್ಬನೇ, ಅಕ್ಕ ನಡುವೆ ಕುಳಿತರೆ ಸಾಕು, ಜೋರು ನೀರು ಇರುವ ಕಡೆ ದಡದಲ್ಲಿ ನಾಲ್ಕು ಜನ ಹೊತ್ತು ದಾಟಿಸುತ್ತಾರೆ. ಡಾಕ್ಟರನ್ನೂ ಕೇಳಿದ್ದಾಯಿತು, ಈಗ ಆದರೆ ಸರಿ ಅಂದಿದ್ದರು. "ಸುಮಿತ್ರಾ ಆಂಟಿ, ನೀವೂ ಬನ್ನಿ. ಬರೋಕೆ ಆಗದಿದ್ರೆ ನಾನಿರ್ತೀನಿ ಮೇಡಂ ಜೊತೆ." ಇಷ್ಟು ಸಲೀಸಾಗಿತ್ತು ನೋಡಿ. ನಂದಿನಿ ನನ್ನ ಕೈಗೆ ಬಾಗಿಲಿನ ಬೀಗದ ಕೈ ಕೊಟ್ಟ ಹಾಗಿತ್ತು. ನನಗೆ ನೀರು ಕಂಡರೆ ಭಯ, ನೀವಿಬ್ಬರೂ ಹೋಗಿ ಬನ್ನಿ ಅಂದಿದ್ದರೆ ಮುಗಿದಿತ್ತು.

ನಾನು ಹೇಳಿದ್ದು, "ನನಗ್ಯಾಕೋ ಮನಸ್ಸು ಒಪ್ತಿಲ್ಲಕ್ಕ."

ಅಕ್ಕ ಅಂದಳು, "ನೀನು ಬರದಿದ್ರೂ ಪರವಾಗಿಲ್ಲ. ನೀನು ಇಲ್ಲಿ ಅಳ್ತಾ ಕೂತಿದ್ರೆ ನನಗೆ ಅಲ್ಲಿ ನೀರಿಗೆ ಇಳಿಯೋಕಾಗಲ್ಲ. ಒಂದು ಕೆಲ್ಸ ಮಾಡು. ನನ್ನ ಮಾತು ಬೇಡ, ಡಾಕ್ಟ್ರ ಮಾತು ಬೇಡ. ಅವ್ವ ಮಾಡ್ತಿದ್ದ ಹಾಗೆ ಊರಮ್ಮನ ಹತ್ರ ಹೂ ಕೇಳ್ಕೊಂಡು ಬಾ. ಬಲಗಡೆ ಕೊಟ್ರೆ ನೀನು ನಗ್ತಾ ಕಳಿಸ್ಬೇಕು. ಎಡಗಡೆ ಕೊಟ್ರೆ ನಾನು ಇನ್ನೊಂದ್ಸಲ ಬಾಯಿ ಬಿಡಲ್ಲ."

ಕೆರೆ ಏರಿಯ ಮೇಲೆ ನಮ್ಮ ಊರಮ್ಮನ ಗುಡಿ ಇದೆ. ಪೂಜಾರಪ್ಪನವರು ಅಮ್ಮನ ಎರಡೂ ಭುಜದ ಮೇಲೆ ಒದ್ದೆ ಹೂ ಅಂಟಿಸುತ್ತಾರೆ. ನಾವು ಮನಸ್ಸಿನಲ್ಲೇ ಕೇಳಿಕೊಂಡು ಕಾಯಬೇಕು. ಬಲಗಡೆಯ ಹೂ ಮೊದಲು ಬಿದ್ದರೆ ಆಗಲಿ ಅಂತ, ಎಡಗಡೆಯದು ಬಿದ್ದರೆ ಬೇಡ ಅಂತ. ಅವ್ವ ಎಮ್ಮೆ ಕೊಳ್ಳಲು, ಬಾವಿ ತೋಡಿಸಲು, ಗದ್ದೆ ಮಾರಲು, ಎಲ್ಲಕ್ಕೂ ಹೂ ಕೇಳಿದವಳು. ಅಕ್ಕನಿಗೆ ಬಂದ ಎರಡು ಸಂಬಂಧಗಳಿಗೆ ಅಮ್ಮ ಎಡಗಡೆ ಕೊಟ್ಟಳು. ಅಕ್ಕ ಎರಡು ಸಲವೂ ಖುಷಿಯಾಗಿ ಹೋಳಿಗೆ ತಿಂದಳು. ಸೀಟಿ, ಸ್ಪೋರ್ಟ್ಸ್ ಶೂ ಎಲ್ಲ ಇದ್ದರೂ ಆ ಹೂವಿನ ವಿಷಯದಲ್ಲಿ ಅವಳು ಅವ್ವನ ಮಗಳೇ.

ಮಂಗಳವಾರ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ ಹೋದೆ. ಒಬ್ಬಳೇ. ಪೂಜಾರಪ್ಪನವರು ಕೆಂಪು ಕಣಗಿಲೆ ಅಂಟಿಸಿದರು. ಅಮ್ಮಾ, ಎಡಗಡೆ ಕೊಡು ಅಂತ ಬೇಡಿಕೊಂಡೆ. ಹೂ ಕೇಳುವ ಕ್ರಮ ಅದಲ್ಲ, ಉತ್ತರವನ್ನು ನಾವೇ ಹೇಳಿಕೊಡಬಾರದು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೂ ಬಿತ್ತು. ಬಲಗಡೆಯದು. ಕೆಲವು ಸಲ ಅರ್ಧ ಗಂಟೆ ಕಾಯಿಸುವ ಅಮ್ಮ, ಅವತ್ತು ಕಾದು ಕೂತಿದ್ದವಳ ಹಾಗೆ ಕೊಟ್ಟುಬಿಟ್ಟಳು.

"ಏನಮ್ಮ ಕೇಳ್ಕೊಂಡ್ರಿ?"

"ಪ್ರಯಾಣ."

"ಇಷ್ಟು ಬೇಗ ಬಲಕ್ಕೆ ಬಂದದ್ದು ನೋಡಿ ಎಷ್ಟು ದಿನ ಆಯ್ತು! ಧೈರ್ಯವಾಗಿ ಹೋಗ್ಬನ್ನಿ" ಅಂತ ಪೂಜಾರಪ್ಪನವರು ಆ ಹೂವನ್ನು ವೀಳ್ಯದೆಲೆಯಲ್ಲಿ ಸುತ್ತಿ ಕೊಟ್ಟರು.

ಗುಡಿಯಿಂದ ಮನೆಗೆ ಹತ್ತು ನಿಮಿಷದ ದಾರಿ. ದಾರಿಯಲ್ಲಿ ನನ್ನೊಳಗೆ ಒಂದು ಕೋರ್ಟೇ ನಡೆಯಿತು. ಗಾಳಿ ಬೀಸಿದ್ದರಿಂದ ಬಿದ್ದಿರಬಹುದು. ನಾನು ಸರಿಯಾಗಿ ಕೇಳಿಕೊಳ್ಳದ್ದರಿಂದ ಅದು ಲೆಕ್ಕಕ್ಕಿಲ್ಲ. ಇಂಥವು. ಮನೆ ಬಾಗಿಲಿಗೆ ಬಂದಾಗ ವಾದವೆಲ್ಲ ಮುಗಿದು, ಹಸಿರು ನೀರು ಒಂದೇ ಉಳಿದಿತ್ತು.

ಅಕ್ಕ ಮಂಚದ ಮೇಲೆ ಕೂತು ರಬ್ಬರ್ ಚೆಂಡು ಹಿಸುಕುತ್ತಿದ್ದಳು, ಬೆರಳಿನ ವ್ಯಾಯಾಮಕ್ಕೆ.

"ಏನಂದ್ಳು?"

"ಎಡಗಡೆ."

"ಸರಿಯಾಗಿ ನೋಡ್ದ್ಯಾ?"

"ನೋಡ್ದೆ ಅಕ್ಕ."

"ತಡ ಮಾಡಿ ಕೊಟ್ಳಾ, ಬೇಗ ಕೊಟ್ಳಾ?"

"ಬೇಗ."

ಅವತ್ತು ನಾನು ಹೇಳಿದ ನಿಜ ಅದೊಂದೇ.

ಅವಳು ಅಳಲಿಲ್ಲ, ಸಿಟ್ಟು ಮಾಡಲಿಲ್ಲ. "ಬೇಗ ಕೊಟ್ಳು ಅಂದ್ರೆ ಗಟ್ಟಿ ಮಾತು" ಅಂದಳು. ಎದ್ದು ಅಂಗಡಿಗೆ ಬಂದು ಗೋಡೆಯ ನಕ್ಷೆ ತೆಗೆದು, ಮಿಷನ್ನಿನ ಪಕ್ಕದ ಮೇಜಿನ ಮೇಲೆ ಹಾಸಿ ಮಡಚತೊಡಗಿದಳು. ಬೆರಳುಗಳು ಮಾತು ಕೇಳುತ್ತಿರಲಿಲ್ಲ. ಮಡಿಕೆ ಕೂರುತ್ತಿರಲಿಲ್ಲ, ಮತ್ತೆ ಬಿಚ್ಚುತ್ತಿದ್ದಳು, ಮತ್ತೆ ಮಡಚುತ್ತಿದ್ದಳು. ನಾನು ಕೈ ಚಾಚಿದರೆ, "ಬಿಡು, ನನ್ನದು ನಾನು ಮಡಚ್ತೀನಿ" ಅಂದಳು. ಅದು ಮುಗಿಯುವಷ್ಟರಲ್ಲಿ ನಾನು ಒಂದು ಇಡೀ ಸೀರೆಗೆ ಫಾಲ್ ಹೊಲಿದಿದ್ದೆ. ಮಧ್ಯಾಹ್ನ ಬಿಚ್ಚಿ ನೋಡಿದರೆ ಫಾಲನ್ನು ಸೆರಗಿನ ಕಡೆಗೆ ಹೊಲಿದಿದ್ದೆ.

ಆ ಹೂವನ್ನು ಏನು ಮಾಡಿದೆ ಅಂತ ಕೇಳುತ್ತೀರಿ. ಬಲಗಡೆ ಬಂದ ಹೂವನ್ನು ಎಸೆಯಬಾರದು, ಮನೆಯಲ್ಲಿ ಇಟ್ಟುಕೊಳ್ಳಬೇಕು. ಅಮ್ಮನ ಮಾತನ್ನು ತಿರುಚಿ ಹೇಳಲು ಹೆದರದ ನನಗೆ ಅಮ್ಮನ ಹೂ ಎಸೆಯಲು ಹೆದರಿಕೆಯಾಯಿತು. ನನ್ನ ಭಕ್ತಿಯ ಅಂದ ನೋಡಿ. ಬಾಬಿನ್ನುಗಳ ತಗಡಿನ ಡಬ್ಬಿಯಲ್ಲಿ ತಳಕ್ಕೆ ಇಟ್ಟೆ. ದಿನಕ್ಕೆ ಹತ್ತು ಸಲ ತೆಗೆಯುವ ಡಬ್ಬಿ ಅದು.

ನವೆಂಬರ್ ಬಂತು, ಹೋಯಿತು. ಸಂಕ್ರಾಂತಿಗೆ ಅಕ್ಕ ಲೋಟ ಹಿಡಿಯುವುದು ನಿಂತಿತು, ಯುಗಾದಿಗೆ ಗಾಲಿಕುರ್ಚಿ ಬಂತು. ಮಾತು ಮೆತ್ತಗಾಯಿತು, ಪದಗಳ ತುದಿ ಸವೆದ ಹಾಗೆ. ನೋಡಲು ಬಂದವರಿಗೆ ಅವಳು ಒಂದು ಕಥೆ ಹೇಳುತ್ತಿದ್ದಳು. ಅದನ್ನು ಪದೇ ಪದೇ ಹೇಳುತ್ತಿದ್ದಳು. "ನಮ್ಮೂರಮ್ಮ ತಡೆದ್ಲು. ಹೋಗಿದ್ರೆ ಏನೋ ಆಗ್ತಿತ್ತು." ಹೇಳುವಾಗ ಅವಳ ಮುಖದಲ್ಲಿ ಒಂದು ಸಮಾಧಾನ ಇರುತ್ತಿತ್ತು. ಆ ಸಮಾಧಾನವನ್ನು ನನ್ನ ಸುಳ್ಳಿನಿಂದ ಅವಳೇ ಹೊಲಿದುಕೊಂಡಿದ್ದಳು. ನಾನು ಪಕ್ಕದಲ್ಲಿ ನಿಂತು ಬಂದವರಿಗೆ ಕಾಫಿ ಕೊಡುತ್ತಿದ್ದೆ.

ಒಂದು ಬೆಳಿಗ್ಗೆ ಬಂದವರು ಯಾರೂ ಇರಲಿಲ್ಲ. ನಾನು ಮಿಷನ್ ತುಳಿಯುತ್ತಿದ್ದೆ. ಅಕ್ಕ ಕುರ್ಚಿಯಲ್ಲಿ ನನ್ನ ಪಕ್ಕದಲ್ಲೇ ಇದ್ದಳು.

"ಸುಮೀ. ಅಮ್ಮ ತಡೆದದ್ದು ನನಗಲ್ಲ ಕಣೇ. ನಿನಗೆ. ನಾನು ಹಟ ಹಿಡಿದಿದ್ರೆ ನೀನೂ ಬಂದುಬಿಡ್ತಿದ್ದೆ. ನಿನಗೆ ಈಜು ಬರಲ್ವಲ್ಲ. ನಿನ್ನ ಉಳಿಸಿದ್ಳು."

ಕಾಲು ನಿಂತುಹೋಯಿತು. ಡಬ್ಬಿ ತೆಗೆದೆ. ಬಾಬಿನ್ನುಗಳನ್ನು ಮೇಜಿನ ಮೇಲೆ ಸುರಿದೆ, ಅವು ಉರುಳಿ ಎಲ್ಲೆಲ್ಲೋ ಹೋದವು. ಒಣಗಿದ ವೀಳ್ಯದೆಲೆ ಬಿಚ್ಚಿ ಅವಳ ಮಡಿಲಿನಲ್ಲಿಟ್ಟೆ. ಕಣಗಿಲೆ ಕಂದು ಬಣ್ಣಕ್ಕೆ ತಿರುಗಿತ್ತು. "ಬಲಗಡೆ ಕೊಟ್ಟಿದ್ಳು ಅಕ್ಕ" ಅಂದೆ. ಮಿಕ್ಕದ್ದನ್ನೂ ಹೇಳಿದೆ. ಮಂಡಿನೋವು, ಮದುವೆ ಸೀಸನ್ನು, ಹಸಿರು ನೀರು. ನಿನ್ನ ಮೇಲಿನ ಪ್ರೀತಿಯಿಂದ ತಡೆದೆ ಅಂತ ಹೇಳಿಕೊಳ್ಳಬಹುದಿತ್ತು. ಹಾಗೆ ಹೇಳಲಿಲ್ಲ. ನನ್ನ ಭಯಕ್ಕೆ ತಡೆದೆ ಅಂದೆ.

ಅಕ್ಕ ಆ ಹೂವನ್ನು ನೋಡಿದಳು. ತೆಗೆದುಕೊಳ್ಳಲು ಅವಳ ಕೈ ಏಳಲಿಲ್ಲ.

"ಭಯ ಅಂದಿದ್ರೆ ಸಾಕಿತ್ತಲ್ಲೇ."

ಅಷ್ಟೇ. ಎರಡು ದಿನ ನನ್ನ ಕೈಯಿಂದ ಊಟ ಮಾಡಲಿಲ್ಲ. ಚಮಚ ಹತ್ತಿರ ತಂದರೆ ಬಾಯಿ ಮುಚ್ಚುತ್ತಿದ್ದಳು. ಮಹಡಿಯ ಬಾಡಿಗೆ ಮನೆಯವರು, ಗಂಗಮ್ಮ ಅಂತ, ಬಂದು ತಿನ್ನಿಸಿದರು. ಅಕ್ಕತಂಗಿಯರ ಜಗಳ ಅಂದುಕೊಂಡು, "ಏನಮ್ಮ ನೀವು, ಇನ್ನೂ ಚಿಕ್ಕ ಮಕ್ಕಳ ಹಾಗೆ" ಅಂತ ನಕ್ಕರು. ನಾನು ಅಡುಗೆಮನೆಯಲ್ಲಿ ನಿಂತು ಅಕ್ಕ ನುಂಗುವ ಸದ್ದು ಕೇಳಿಸಿಕೊಳ್ಳುತ್ತಿದ್ದೆ.

ಮೂರನೇ ದಿನ ಕರೆದಳು. "ಜಾಕೆಟ್ ತಾ." ತಂದೆ. "ಹಾಕ್ಕೋ." ನೈಟಿಯ ಮೇಲೆ ಹಾಕಿಕೊಳ್ಳಲು ಹೋದೆ, ಬಕಲ್ಲು ಸೇರಲಿಲ್ಲ. ಅಕ್ಕನ ಅಳತೆಗೆ ಹಿಡಿದದ್ದಲ್ಲವೇ, ನಾನು ಅವಳ ಎರಡರಷ್ಟು. ಅಕ್ಕನ ಉಸಿರು ಜೋರಾಯಿತು. ನಗುತ್ತಿದ್ದಾಳೆ ಅಂತ ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ಬಿಚ್ಚು. ಒಳಗೆ ಬಿಟ್ಟಿದ್ದೀಯಲ್ಲ. ಈಜು ಕಲಿ. ನವೆಂಬರಿಗೆ ನೀನು ಹೋಗು. ಬಂದು ಹೇಳು."

"ನನ್ನ ಕ್ಷಮಿಸಿದ್ಯಾ ಅಕ್ಕ?"

"ಇಲ್ಲ. ಹೋಗ್ಬಾ, ಆಮೇಲೆ ನೋಡೋಣ."

ಹೀಗೆ ಐವತ್ಮೂರನೇ ವಯಸ್ಸಿನಲ್ಲಿ ನಾನು ಜಯನಗರದ ಈಜುಕೊಳಕ್ಕೆ ಸೇರಿದೆ. ಬೆಳಿಗ್ಗೆ ಆರೂವರೆಯ ಹೆಂಗಸರ ಬ್ಯಾಚು. ಹಾಕಿಕೊಳ್ಳುವ ಡ್ರೆಸ್ಸನ್ನು ನಾನೇ ಹೊಲಿದುಕೊಂಡೆ, ಮೊಣಕೈವರೆಗೆ ತೋಳು, ಪಾದದವರೆಗೆ ಕಾಲು. ಅದು ನೀರು ಕುಡಿದು ಊದಿಕೊಂಡಾಗ ನಾನೇ ಒಂದು ರ‍್ಯಾಫ್ಟಿನ ಹಾಗೆ ಕಾಣುತ್ತೇನೆ. ಕಲಿಸುವ ಹುಡುಗಿಗೆ ಇಪ್ಪತ್ತೆರಡು ವರ್ಷ ಇರಬಹುದು. "ಆಂಟಿ, ರಾಡ್ ಬಿಡಿ." ಬಿಡುವುದಿಲ್ಲ. "ಆಂಟಿ, ಮುಖ ಒಳಗೆ ಹಾಕಿ, ಗುಳುಗುಳು ಅಂತ ಉಸಿರು ಬಿಡಿ." ಹಾಕುವುದಿಲ್ಲ. ಗಲ್ಲದವರೆಗೆ ನೀರು ಬರುತ್ತದೆ, ಅಲ್ಲಿಗೆ ನಿಲ್ಲುತ್ತೇನೆ. ಕೆಳಗೆ ನೀಲಿ ಟೈಲ್ಸು ಕಾಣುತ್ತದೆ, ಹಸಿರಲ್ಲ, ಆದರೂ.

ನಂದಿನಿ ನನ್ನ ಹೆಸರು ಬರೆದುಕೊಂಡಿದ್ದಾಳೆ. ನಕ್ಷೆ ಮತ್ತೆ ಗೋಡೆಗೆ ಬಂದಿದೆ. ಅಕ್ಕ ಮಡಚಿದ ಗೆರೆಗಳು ಅದರ ಮೇಲೆ ಅಡ್ಡಾದಿಡ್ಡಿ ಉಳಿದಿವೆ, ಒಂದು ಗೆರೆ ನದಿಯ ಮೇಲೇ ಹೋಗಿದೆ. ಜಾಕೆಟ್ಟಿನ ಪಟ್ಟಿ ಬಿಚ್ಚಿದೆ. ಮಡಚಿಟ್ಟಿದ್ದ ಭಾಗ ಒಳಗೆ ಬಿಸಿಲು ಕಾಣದೆ ಹೊಸದರ ಹಾಗೇ ಇತ್ತು. ನನ್ನ ಅಳತೆಗೆ ಇನ್ನೂ ಹೊಲಿದಿಲ್ಲ. ಮುಖ ಮುಳುಗಿಸದೆ ಹೊಲಿಯಬಾರದು ಅಂದುಕೊಂಡಿದ್ದೇನೆ. ಅಲ್ಲಿಯವರೆಗೆ ಬ್ಲೌಸುಗಳ ನಡುವೆ ಪಟ್ಟಿ ಇಳಿಬಿಟ್ಟುಕೊಂಡು ನೇತಾಡುತ್ತಿರುತ್ತದೆ.

ಹೋದ ವಾರ ಡಾಕ್ಟರು ಬಂದಿದ್ದರು. ನವೆಂಬರಿನ ಬಗ್ಗೆ ಕೇಳಿದೆ. "ಹೇಳೋಕಾಗಲ್ಲಮ್ಮ" ಅಂದರು. ನಾನು ನದಿ ನೋಡಿ ಬಂದರೂ ಕೇಳುವವರು ಇರಬೇಕಲ್ಲ.

ಅಕ್ಕನ ಮಾತು ಈಗ ಒಂದೊಂದೇ ಪದಕ್ಕೆ ಬಂದಿದೆ, ಅದನ್ನೂ ನಾನು ತುಟಿ ನೋಡಿ ತಿಳಿದುಕೊಳ್ಳಬೇಕು. ಬೆಳಿಗ್ಗೆ ಎಂಟಕ್ಕೆ ನಾನು ಒದ್ದೆ ಕೂದಲಿನಲ್ಲಿ ಒಳಗೆ ಬಂದ ಕೂಡಲೇ ಕೇಳುವುದು ಒಂದೇ.

"ಮುಖ?"

ಹೂಂ ಅನ್ನುವುದು ಎಷ್ಟು ಸುಲಭ. ಕೊಳದ ಶವರಿನಿಂದ ಕೂದಲು ಹೇಗೂ ಒದ್ದೆಯಾಗಿರುತ್ತದೆ, ಅವಳು ಈಜುಕೊಳಕ್ಕೆ ಬಂದು ನೋಡುವ ಹಾಗಿಲ್ಲ. ಹೂಂ ಅಂದರೆ ಅವಳ ಕಣ್ಣು ಎಷ್ಟು ಅರಳುತ್ತದೆ ಅಂತ ನನಗೆ ಗೊತ್ತು. ಇವತ್ತಂತೂ ಆ ಮಾತು ತುಟಿಯವರೆಗೆ ಬಂದಿತ್ತು.

"ಇಲ್ಲ ಅಕ್ಕ" ಅಂದೆ. "ಇವತ್ತೂ ಆಗಲಿಲ್ಲ. ಭಯ ಆಯ್ತು."

ಅವಳು ಕಣ್ಣು ಮುಚ್ಚಿಕೊಂಡಳು. ನಾನು ಟವೆಲ್ಲು ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಅವಳ ತುಟಿ ಅಲುಗಿತು. ಬಗ್ಗಿ ನೋಡಿದೆ. ಮೂವತ್ತು ವರ್ಷದಿಂದ ನಾನು ಗಿರಾಕಿಗಳಿಗೆ ಹೇಳಿಕೊಂಡು ಬಂದ ಮಾತು ಅದು.

"ನಾಳೆ."